ಜಾಲತಾಣದ ಫಾರಂನಲ್ಲಿ ಒಂದಕ್ಷರ ತಪ್ಪಿದರೆ

ನಮ್ಮ ಸದಸ್ಯರಲ್ಲಿ ಅನೇಕರು ಈಗ ತಮ್ಮ ಜಾಲತಾಣದ ಮೂಲಕವೇ ವಿಚಾರಣೆಗಳನ್ನೂ ಆರ್ಡರುಗಳನ್ನೂ ಸ್ವೀಕರಿಸುತ್ತಿದ್ದಾರೆ. ಹಿಂದೆ ಅಂಗಡಿಯ ಗುಮಾಸ್ತನು ಗಿರಾಕಿ ಬರೆದುಕೊಟ್ಟ ಚೀಟಿಯನ್ನು ನೋಡಿ, “ಸ್ವಾಮಿ, ಇದು ಒಂದೋ ಏಳೋ?” ಎಂದು ಅಲ್ಲಿಯೇ ಕೇಳಿ ತಿದ್ದಿಕೊಳ್ಳುತ್ತಿದ್ದನು. ಜಾಲತಾಣದ ಫಾರಂಗೆ ಅಂತಹ ಗುಮಾಸ್ತನಿಲ್ಲ. ಗ್ರಾಹಕರು ಬೆರಳಿಗೆ ಬಂದಂತೆ ಒತ್ತಿದ್ದೇ ನೇರವಾಗಿ ಬಿಲ್ಲಿಗೂ ಅಲ್ಲಿಂದ ರಿಟರ್ನಿಗೂ ಇಳಿಯುತ್ತದೆ. ಫಾರಂನ ತಪಾಸಣೆಯನ್ನು ಸಾಫ್ಟ್‌ವೇರಿನವರ ಕೆಲಸವೆಂದು ಬಿಟ್ಟುಬಿಡುವುದು ರೂಢಿಯಾಗಿದೆಯಾದರೂ, ಯಾವುದನ್ನು ಹೇಗೆ ತಪಾಸಿಸಬೇಕೆಂದು ಹೇಳಬೇಕಾದವರು ವ್ಯಾಪಾರಿಗಳೇ.

ಮೊದಲು ಹಣಕ್ಕೆ ಅತಿ ಹತ್ತಿರದ ಅಂಕಣವಾದ ಜಿ.ಎಸ್.ಟಿ. ನೋಂದಣಿ ಸಂಖ್ಯೆಯನ್ನು ನೋಡೋಣ. ಬೆಳಗಾವಿಯ ಒಂದು ಎರಕದ ಕಾರ್ಖಾನೆಯು ಕೊಲ್ಲಾಪುರದ ಪಂಪು ತಯಾರಕರಿಗೆ ಮಾಲು ಕಳುಹಿಸಿತೆಂದು ಇಟ್ಟುಕೊಳ್ಳಿ. ಗ್ರಾಹಕರು ಫಾರಂನಲ್ಲಿ ಒಂದು ಅಂಕಿಯನ್ನು ತಪ್ಪಾಗಿ ತುಂಬಿದ್ದಾರೆ. ಅಸ್ತಿತ್ವದಲ್ಲೇ ಇಲ್ಲದ ಸಂಖ್ಯೆಯಾದರೆ ಜಿ.ಎಸ್.ಟಿ.ಆರ್-1 ಸಲ್ಲಿಸುವಾಗ ಪೋರ್ಟಲ್ ಅದನ್ನು ತಿರಸ್ಕರಿಸುತ್ತದೆ; ಅಷ್ಟು ಹೊತ್ತಿಗೆ ಮಾಲು ಗಡಿ ದಾಟಿ ಹೋಗಿರುತ್ತದೆ. ಆ ಸಂಖ್ಯೆ ಬೇರೊಬ್ಬರದೋ, ಅದೇ ಸಂಸ್ಥೆಯ ಬೇರೆ ರಾಜ್ಯದ ಶಾಖೆಯದೋ ಆಗಿದ್ದರೆ ಇನ್ನೂ ಕಷ್ಟ. ಬಿಲ್ಲು ಸದ್ದಿಲ್ಲದೆ ಅವರ 2ಬಿ ತಖ್ತೆಗೆ ಹೋಗಿ ಕೂರುತ್ತದೆ. ಸರಬರಾಜುದಾರರು ತೋರಿಸಿದ ಬಿಲ್ಲಿಗಷ್ಟೇ ಇನ್‌ಪುಟ್ ಕ್ರೆಡಿಟ್ ಎಂಬ 16(2)(ಎಎ) ಕಲಮು 2022ರ ಜನವರಿ 1ರಿಂದ ಜಾರಿಯಲ್ಲಿರುವುದರಿಂದ, ನಿಜವಾದ ಗ್ರಾಹಕರಿಗೆ ಕ್ರೆಡಿಟ್ ದೊರೆಯದು. ಅವರು ತೆರಿಗೆಯ ಮೊತ್ತವನ್ನು ಹಿಡಿದುಕೊಂಡು ಉಳಿದ ಹಣವನ್ನಷ್ಟೇ ಪಾವತಿಸುತ್ತಾರೆ, ಕೆಲವೊಮ್ಮೆ ಅದನ್ನೂ ತಡೆಯುತ್ತಾರೆ.

ಆದರೆ ಈ ಸಂಖ್ಯೆಯ ರಚನೆಯಲ್ಲಿಯೇ ಒಂದು ಕಾವಲಿದೆ. ಹದಿನೈದು ಸ್ಥಾನಗಳ ಪೈಕಿ ಮೊದಲೆರಡು ರಾಜ್ಯದ ಸಂಕೇತ: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ತಮಿಳುನಾಡಿಗೆ 33. ಮುಂದಿನ ಹತ್ತು ಪ್ಯಾನ್ ಸಂಖ್ಯೆ. ಹದಿಮೂರನೆಯದು ಅದೇ ರಾಜ್ಯದಲ್ಲಿ ಅದೇ ಪ್ಯಾನಿನ ಮೇಲೆ ಎಷ್ಟನೆಯ ನೋಂದಣಿ ಎಂಬುದು. ಹದಿನಾಲ್ಕನೆಯದು ಸಾಮಾನ್ಯ ನೋಂದಣಿಗಳಲ್ಲಿ ‘ಝಡ್’. ಹದಿನೈದನೆಯದು ತಾಳೆಯ ಅಕ್ಷರ. ಅದು ಮೊದಲ ಹದಿನಾಲ್ಕರಿಂದ ಲೆಕ್ಕ ಹಾಕಿ ಬಂದದ್ದು: ಅಂಕಿಗಳಿಗೆ ಅವುಗಳದೇ ಬೆಲೆ, ‘ಎ’ಗೆ 10ರಿಂದ ‘ಝಡ್’ಗೆ 35ರವರೆಗೆ ಬೆಲೆ, ಅವನ್ನು ಕ್ರಮವಾಗಿ 1, 2, 1, 2 ಎಂದು ಗುಣಿಸಿ, ಪ್ರತಿ ಗುಣಲಬ್ಧವನ್ನು 36ರಿಂದ ಭಾಗಿಸಿ, ಭಾಗಲಬ್ಧವನ್ನೂ ಶೇಷವನ್ನೂ ಕೂಡಿಸುತ್ತಾರೆ. ಉದಾಹರಣೆಗೆ ಹದಿನಾಲ್ಕನೆಯ ಸ್ಥಾನದ ‘ಝಡ್’ 35ರ ಇಮ್ಮಡಿ 70. ಭಾಗಲಬ್ಧ 1, ಶೇಷ 34, ಕೂಡಿದರೆ 35. ಹೀಗೆ ಬಂದ ಒಟ್ಟು ಮೊತ್ತವು 36ರ ಪೂರ್ಣ ಗುಣಕವಾಗಲು ಎಷ್ಟು ಕಡಿಮೆಯೋ ಅದೇ ತಾಳೆಯ ಅಕ್ಷರ. ಒಂದು ಅಕ್ಷರ ತಪ್ಪಿದರೂ, ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೂ ಈ ಲೆಕ್ಕ ತಾಳೆಯಾಗದು. ಪ್ರೋಗ್ರಾಮರಿಗೆ ಇದು ಹತ್ತಿಪ್ಪತ್ತು ಸಾಲಿನ ಕೆಲಸ. ಇಷ್ಟು ಅಗ್ಗದ ಕಾವಲನ್ನು ಹಾಕಿಸದೆ ಇರುವುದಕ್ಕೆ ನನಗೆ ಯಾವ ಕಾರಣವೂ ತೋರದು.

ಇನ್ನೊಂದು ಸುಲಭ ತಾಳೆಯೂ ಇದೆ. ಪ್ಯಾನಿನ ನಾಲ್ಕನೆಯ ಅಕ್ಷರ, ಎಂದರೆ ನೋಂದಣಿ ಸಂಖ್ಯೆಯ ಆರನೆಯದು, ವ್ಯಕ್ತಿಗೆ ‘ಪಿ’, ಕಂಪನಿಗೆ ‘ಸಿ’, ಪಾಲುದಾರಿಕೆ ಸಂಸ್ಥೆಗೆ ‘ಎಫ್’, ಅವಿಭಕ್ತ ಹಿಂದೂ ಕುಟುಂಬಕ್ಕೆ ‘ಎಚ್’. ಪ್ರೈವೇಟ್ ಲಿಮಿಟೆಡ್ ಎಂದು ಬರೆದು ‘ಪಿ’ ಇರುವ ಸಂಖ್ಯೆಯನ್ನು ಕೊಟ್ಟವರನ್ನು ಒಮ್ಮೆ ಕೇಳಿ ನೋಡಬೇಕು. ಆದರೆ ಎಲ್ಲ ವ್ಯತ್ಯಾಸವೂ ತಪ್ಪಲ್ಲ. ಸಂಕೇತ 27 ಇದ್ದು ಮಾಲು ತಲುಪಿಸುವ ವಿಳಾಸ ಹುಬ್ಬಳ್ಳಿಯದಾಗಿರಬಹುದು. ಬಿಲ್ಲು ಒಬ್ಬರಿಗೆ, ಮಾಲು ಇನ್ನೊಬ್ಬರಿಗೆ ಎಂಬ ವ್ಯವಹಾರ ನಮ್ಮಲ್ಲಿ ದಿನನಿತ್ಯದ್ದು. ಮೂಲದಲ್ಲೇ ತೆರಿಗೆ ಕಡಿತ ಮಾಡುವ ಸರಕಾರಿ ಕಚೇರಿಗಳ ಸಂಖ್ಯೆಯೂ ಈ ಅಚ್ಚಿಗೆ ಪೂರ್ತಿ ಒಗ್ಗದು. ಇಂತಹ ಕಡೆ ಫಾರಂ ಪ್ರಶ್ನೆ ಕೇಳಬೇಕೇ ಹೊರತು ಬಾಗಿಲು ಮುಚ್ಚಬಾರದು.

ಲೆಕ್ಕಕ್ಕೆ ತಾಳೆಯಾದ ಸಂಖ್ಯೆಯು ಊರ್ಜಿತದಲ್ಲಿದೆ ಎಂದೇನೂ ಅರ್ಥವಲ್ಲ. ನೋಂದಣಿ ರದ್ದಾಗಿದ್ದರೂ ತಾಳೆಯ ಅಕ್ಷರ ಹಾಗೆಯೇ ಇರುತ್ತದೆ; ಅದನ್ನು ತಿಳಿಯಲು ಪೋರ್ಟಲಿನಲ್ಲಿ ತೆರಿಗೆದಾರರ ಹುಡುಕಾಟವೇ ಬೇಕು. ಬ್ಯಾಂಕಿನ ಐ.ಎಫ್.ಎಸ್.ಸಿ. ಸಂಕೇತದ ಕಥೆಯೂ ಇದೇ. ಹನ್ನೊಂದು ಸ್ಥಾನ, ಮೊದಲ ನಾಲ್ಕು ಬ್ಯಾಂಕಿನ ಅಕ್ಷರಗಳು, ಐದನೆಯದು ಸೊನ್ನೆ, ಉಳಿದದ್ದು ಶಾಖೆ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಅದರ ಹಳೆಯ ಸಂಕೇತಗಳು 2021ರ ಜುಲೈ 1ರಿಂದ ನಿಂತುಹೋದವು. ಹಳೆಯ ಚೆಕ್ ಪುಸ್ತಕ ನೋಡಿ ಆ ಸಂಕೇತವನ್ನು ತುಂಬಿದರೆ ರಚನೆಯಲ್ಲಿ ಯಾವ ದೋಷವೂ ಕಾಣದು, ಹಣ ಮಾತ್ರ ತಲುಪದು.

ಇ-ಮೇಲ್ ವಿಳಾಸ

ಇ-ಮೇಲ್ ವಿಳಾಸದ ವಿಷಯದಲ್ಲಿ ಪರಿಸ್ಥಿತಿ ತಿರುಗುಮುರುಗು. ಇಲ್ಲಿ ಫಾರಂಗಳು ಸಡಿಲವಾಗಿರುವುದಕ್ಕಿಂತ ಅತಿ ಬಿಗಿಯಾಗಿರುವುದೇ ತೊಂದರೆ. ಕೊನೆಯ ಚುಕ್ಕಿಯ ನಂತರ ಎರಡರಿಂದ ನಾಲ್ಕು ಅಕ್ಷರಗಳಷ್ಟೇ ಇರಬೇಕೆಂಬ ಹಳೆಯ ನಿಯಮವನ್ನು ಇಂದಿಗೂ ನಕಲು ಮಾಡುತ್ತಿದ್ದಾರೆ. ‘ಡಾಟ್ ಆನ್‌ಲೈನ್’ ಎಂದು ಮುಗಿಯುವ ವಿಳಾಸ ಅಲ್ಲಿಯೇ ಬಿದ್ದುಹೋಗುತ್ತದೆ. ‘ಅಟ್’ ಚಿಹ್ನೆಯ ಹಿಂದೆ ಅಧಿಕ ಚಿಹ್ನೆ, ಅಡ್ಡಗೆರೆ, ಚುಕ್ಕಿ ಇವೆಲ್ಲ ನಿಯಮಬದ್ಧವೇ. ಆ ಭಾಗಕ್ಕೆ 64 ಅಕ್ಷರಗಳವರೆಗೂ ಇಡೀ ವಿಳಾಸಕ್ಕೆ 254ರವರೆಗೂ ಅವಕಾಶವಿದೆ. ಕನ್ನಡ ಲಿಪಿಯಲ್ಲಿಯೇ ‘.ಭಾರತ’ ಎಂದು ಮುಗಿಯುವ ಜಾಲತಾಣದ ಹೆಸರುಗಳಿವೆ, ಇಂಗ್ಲಿಷೇತರ ಲಿಪಿಯ ಇ-ಮೇಲ್ ವಿಳಾಸಗಳಿಗೆ 2012ರಲ್ಲಿಯೇ ತಾಂತ್ರಿಕ ಮಾನಕ ಬಂದಿದೆ. ಬೆಂಗಳೂರಿನಲ್ಲಿ ಸಿದ್ಧವಾದ ಫಾರಂ ಕನ್ನಡದ ವಿಳಾಸವನ್ನು ‘ಅಮಾನ್ಯ’ ಎನ್ನುವುದು ವಿಚಿತ್ರವಲ್ಲವೇ?

ಆದುದರಿಂದ ಫಾರಂ ನೋಡಬೇಕಾದದ್ದು ಸ್ವಲ್ಪವೇ: ಒಂದು ‘ಅಟ್’ ಚಿಹ್ನೆ, ಅದರ ಎರಡೂ ಬದಿಗೆ ಏನಾದರೂ ಇರುವುದು, ಬಲಬದಿಯಲ್ಲಿ ಒಂದು ಚುಕ್ಕಿ. ಮೊಬೈಲಿನ ಕೀಲಿಮಣೆ ತಾನಾಗಿ ಸೇರಿಸುವ ಹಿಂದುಮುಂದಿನ ಖಾಲಿ ಜಾಗವನ್ನು ಬೈಯದೆ ತೆಗೆದುಹಾಕಬೇಕು. ‘ಜಿಮಿಯಲ್’, ‘ಡಾಟ್ ಕಾನ್’ ಮುಂತಾದ ಬೆರಳ್ತಪ್ಪುಗಳಿಗೆ “ಜಿಮೇಲ್ ಡಾಟ್ ಕಾಮ್ ಎಂದು ಬರೆಯಬೇಕೆಂದಿದ್ದಿರಾ?” ಎಂದು ಕೇಳಬಹುದು, ತಾನಾಗಿ ತಿದ್ದಬಾರದು. ವಿಳಾಸ ಆ ವ್ಯಕ್ತಿಯದೇ ಎಂಬುದಕ್ಕೆ ಒಂದೇ ನಿಜವಾದ ಪರೀಕ್ಷೆಯಿದೆ: ಅಲ್ಲಿಗೆ ಒಂದು ಪತ್ರ ಕಳುಹಿಸಿ, ಅದರೊಳಗಿನ ಕೊಂಡಿಯನ್ನು ಒತ್ತಿ ಎನ್ನುವುದು. ಕೊಟೇಶನ್ನು, ಬಿಲ್ಲು, ಬಾಕಿಯ ತಖ್ತೆ ಇವುಗಳನ್ನು ಆ ದೃಢೀಕರಣದ ನಂತರವೇ ಕಳುಹಿಸುವುದು ಕ್ಷೇಮ. ನಿಮ್ಮ ದರಪಟ್ಟಿ ಒಂದಕ್ಷರದ ತಪ್ಪಿನಿಂದ ಪ್ರತಿಸ್ಪರ್ಧಿಯ ಪೆಟ್ಟಿಗೆಗೆ ಬೀಳಬಾರದಷ್ಟೆ.

ಹೆಸರು, ವಿಳಾಸಗಳ ಅಂಕಣದಲ್ಲಿಯೂ ಔದಾರ್ಯ ಬೇಕು. ಓರೆಗೆರೆಯನ್ನು ಒಪ್ಪದ ಫಾರಂನಲ್ಲಿ ‘ನಂ. 45/2, 3ನೇ ಅಡ್ಡರಸ್ತೆ’ ಎಂಬ ನಮ್ಮ ಬಡಾವಣೆಯ ವಿಳಾಸವನ್ನು ಬರೆಯುವುದು ಹೇಗೆ? ಕುಲನಾಮ ಕಡ್ಡಾಯ ಎನ್ನುವ ಫಾರಂ, ಊರಿನ ಹೆಸರಿನ ಮೊದಲಕ್ಷರವನ್ನಷ್ಟೇ ಇಟ್ಟುಕೊಂಡ ಅರ್ಧ ಕರ್ನಾಟಕವನ್ನು ಹೊರಗಿಡುತ್ತದೆ. ದೂರವಾಣಿಯನ್ನು ಸೊನ್ನೆ ಹಚ್ಚಿ, 91 ಹಚ್ಚಿ, ನಡುವೆ ಜಾಗ ಬಿಟ್ಟು ಬರೆದರೂ ಸ್ವೀಕರಿಸಿ, ಒಳಗೆ ಒಂದೇ ರೂಪಕ್ಕೆ ತಂದುಕೊಳ್ಳಬೇಕು. 0836ರಿಂದ ಆರಂಭವಾಗುವ ಹುಬ್ಬಳ್ಳಿಯ ಸ್ಥಿರ ದೂರವಾಣಿ ಇನ್ನೂ ಅನೇಕ ಪೇಟೆ ಅಂಗಡಿಗಳಲ್ಲಿದೆ.

ಸರ್ವರಿನಲ್ಲಿ ಮರುತಪಾಸಣೆ

ಗ್ರಾಹಕರ ಪರದೆಯ ಮೇಲೆ ಕಾಣುವ ಕೆಂಪಕ್ಷರದ ಎಚ್ಚರಿಕೆ ಅವರ ಅನುಕೂಲಕ್ಕಾಗಿ ಮಾತ್ರ. ತಿಳಿದವರು ಅದನ್ನು ಕ್ಷಣದಲ್ಲಿ ದಾಟಬಲ್ಲರು. ಆದುದರಿಂದ ಅದೇ ತಪಾಸಣೆ ಸರ್ವರಿನಲ್ಲಿ ಮತ್ತೊಮ್ಮೆ ನಡೆಯಲೇಬೇಕು. ಫಾರಂನಿಂದ ಬಂದ ದರವನ್ನು ನಂಬದೆ ನಿಮ್ಮ ದರಪಟ್ಟಿಯಿಂದಲೇ ದರ ತೆಗೆದುಕೊಳ್ಳಬೇಕು. ಇಲ್ಲವಾದರೆ 4,500 ರೂಪಾಯಿಯ ಮೋಟರನ್ನು ಯಾರೋ 45 ರೂಪಾಯಿಗೆ ಬುಕ್ ಮಾಡಿಯಾರು. ಬರೆದ ಮಾತನ್ನು ದತ್ತಾಂಶ ಕೋಶವು ಆಜ್ಞೆಯೆಂದು ತಿಳಿಯದಂತೆ, ಆಜ್ಞೆಯನ್ನೂ ಮಾಹಿತಿಯನ್ನೂ ಬೇರೆಬೇರೆಯಾಗಿ ಕಳುಹಿಸುವ ವಿಧಾನವನ್ನು ಪ್ರೋಗ್ರಾಮರರು ಬಳಸಿದ್ದಾರೆಯೇ ಎಂದು ಕೇಳಿ. ವಿಚಾರಣೆಯ ಫಾರಂನ ಇ-ಮೇಲ್ ಅಂಕಣದಲ್ಲಿ ಹೊಸ ಸಾಲನ್ನು ತೂರಿಸಿ, ನಿಮ್ಮ ಹೆಸರಿನಲ್ಲಿಯೇ ಸಾವಿರಾರು ಜಾಹೀರಾತು ಪತ್ರಗಳನ್ನು ಹರಿಯಬಿಡುವ ಹಳೆಯ ತಂತ್ರವೂ ಒಂದಿದೆ.

ಕೊನೆಯ ಕಂತನ್ನು ಕೊಡುವ ಮೊದಲು ನೀವೇ ಕುಳಿತು ಫಾರಂ ತುಂಬಿ ನೋಡಿ: ಪ್ರಮಾಣದ ಅಂಕಣದಲ್ಲಿ ಋಣ ಐದು, ನಿಮ್ಮದೇ ಜಿ.ಎಸ್.ಟಿ. ಸಂಖ್ಯೆಯಲ್ಲಿ ಎರಡು ಅಂಕಿ ಅದಲುಬದಲು, ಅಧಿಕ ಚಿಹ್ನೆಯಿರುವ ಒಂದು ಇ-ಮೇಲ್ ವಿಳಾಸ. ಮೊದಲೆರಡನ್ನು ಒಪ್ಪಿ ಮೂರನೆಯದನ್ನು ತಳ್ಳಿದರೆ ಕೆಲಸ ಮುಗಿದಿಲ್ಲವೆಂದೇ ತಿಳಿಯಿರಿ. ಈಗಾಗಲೇ ಸಂಗ್ರಹವಾಗಿರುವ ಗ್ರಾಹಕರ ಪಟ್ಟಿಯನ್ನೂ ಇದೇ ತಾಳೆಯ ಲೆಕ್ಕಕ್ಕೆ ಒಮ್ಮೆ ಹಚ್ಚಿಸಿ. ಒಂದು ಆರ್ಥಿಕ ವರ್ಷದ ಬಿಲ್ಲುಗಳ ತಿದ್ದುಪಡಿಗೆ ಮರುವರ್ಷದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವೆರಡರಲ್ಲಿ ಮೊದಲು ಬರುವುದೇ ಗಡುವು; ಈ ಪರಿಶೀಲನೆಯನ್ನು ಸೆಪ್ಟೆಂಬರಿನೊಳಗೆ ಮುಗಿಸಿದರೆ ತಪ್ಪು ಸಿಕ್ಕ ಬಿಲ್ಲುಗಳನ್ನು ಗ್ರಾಹಕರೊಡನೆ ಮಾತನಾಡಿ ಸರಿಪಡಿಸಿಕೊಳ್ಳಲು ಎರಡು ತಿಂಗಳು ಉಳಿಯುತ್ತವೆ.