ಸೈಕಲ್ ಜೆರ್ಸಿ

ಸೈಕಲ್ ಜೆರ್ಸಿ ಎಂಬುದು ಸೈಕಲ್ ಸವಾರರು ಧರಿಸುವ, ಮೈಗೆ ಹೊಂದಿಕೊಂಡಿರುವ ಮೇಲುಡುಪು. ಇದರ ಬೆನ್ನಿನ ಕೆಳಭಾಗದಲ್ಲಿ ಸಾಮಾನ್ಯವಾಗಿ ಮೂರು ಜೇಬುಗಳಿರುತ್ತವೆ. 1919ರಲ್ಲಿ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಹಳದಿ ಜೆರ್ಸಿ ಬಳಕೆಗೆ ಬಂದ ಕಾಲದಲ್ಲಿ ಇವು ಉಣ್ಣೆಯವಾಗಿದ್ದವು. ಮುಂದೆ ಪಾಲಿಯೆಸ್ಟರ್ ಆ ಸ್ಥಾನವನ್ನು ಪಡೆಯಿತು.

ಪರಿಸರಸ್ನೇಹಿ ಆಯ್ಕೆ

ಮೆರಿನೋ ಉಣ್ಣೆಯು ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮೈಯನ್ನು ಬೆಚ್ಚಗಿಡುತ್ತದೆ. ಹರಿದ ಮೇಲೆ ಮಣ್ಣಿನಲ್ಲಿ ಕೊಳೆತು ಬೆರೆಯುತ್ತದೆ. ಆದರೆ ಒಣಗಲು ಹೆಚ್ಚು ಸಮಯ ಬೇಕು. ಬಳಸಿದ ಪ್ಲಾಸ್ಟಿಕ್ ಬಾಟಲಿಗಳಿಂದ ತಯಾರಾದ ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಕಚ್ಚಾತೈಲದ ಬಳಕೆಯನ್ನೂ ತಗ್ಗಿಸುತ್ತದೆ. ಆದರೆ ಒಗೆಯುವಾಗ ಅದರ ಸೂಕ್ಷ್ಮ ಎಳೆಗಳು ನೀರನ್ನು ಸೇರುತ್ತವೆ. ಬಿಸಿಲು, ಮಳೆ ಬದಲಾಗುತ್ತಿರುವ ದಿನಗಳಲ್ಲಿ ತೆಳುವಾದ ಜೆರ್ಸಿಯೊಡನೆ ಬಿಚ್ಚಿಡಬಹುದಾದ ತೋಳುಗವಸು ಹಾಗೂ ಗಾಳಿ ತಡೆಯುವ ಮೇಲಂಗಿಯನ್ನು ಧರಿಸುವುದು ಸೂಕ್ತ. ಇದರಿಂದ ಒಂದೇ ಜೆರ್ಸಿ ಹಲವು ಋತುಗಳಿಗೆ ಸಾಲುತ್ತದೆ.