ಕಲಿಸುವ ಕೈಯೂ ಮತ್ತೆ ಕಲಿಯಬೇಕು

ಮಕ್ಕಳೇ, ನಿಮ್ಮೂರಿನ ಗ್ಯಾರೇಜಿಗೆ ಒಮ್ಮೆಯಾದರೂ ಹೋಗಿರುತ್ತೀರಿ. ಬೈಕ್ ಸ್ಟಾರ್ಟ್ ಆಗದಿದ್ದರೆ ಹಿರಿಯ ಮೆಕ್ಯಾನಿಕ್ ಏನು ಮಾಡ್ತಾರೆ? ಕಿಕ್ ಹೊಡೆದು ಸದ್ದು ಕೇಳುತ್ತಾರೆ. ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣ ನೋಡುತ್ತಾರೆ. ಕೊನೆಗೆ ಕಾರ್ಬ್ಯುರೇಟರ್ ಬಿಚ್ಚಿ, ಊದಿ, ಮತ್ತೆ ಕೂರಿಸುತ್ತಾರೆ. ಗಾಡಿ ಸ್ಟಾರ್ಟ್!

ಈ ವಿದ್ಯೆಯನ್ನು ಅವರಿಗೆ ಐಟಿಐಯಲ್ಲಿ ಒಬ್ಬ ಮೇಷ್ಟ್ರು ಕಲಿಸಿರಬಹುದು. ಇವತ್ತಿನ ಹುಡುಗ ಹುಡುಗಿಯರಿಗೂ ಆ ಮೇಷ್ಟ್ರು ಇಷ್ಟನ್ನೇ ಕಲಿಸಿದರೆ ಸಾಕೇ? ಸಾಲದು. ಯಾಕೆ ಸಾಲದು, ಸಾಲದ್ದನ್ನು ಮೇಷ್ಟ್ರು ಎಲ್ಲಿ ಕಲಿಯುತ್ತಾರೆ, ನೋಡೋಣ.

ಒಂದೇ ಊರು, ನಲವತ್ತು ವರ್ಷ

ಹೊಸೂರನ್ನೇ ತೆಗೆದುಕೊಳ್ಳಿ. 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಂದದ್ದು ಇಲ್ಲಿಂದ. ಅದೇ ಕಂಪನಿ 2020ರಲ್ಲಿ ಐಕ್ಯೂಬ್ ಎಂಬ ಎಲೆಕ್ಟ್ರಿಕ್ ಸ್ಕೂಟರನ್ನು ಬಿಡುಗಡೆ ಮಾಡಿತು. ಏಥರ್ ಸ್ಕೂಟರುಗಳೂ ಹೊಸೂರಿನಲ್ಲೇ ತಯಾರಾಗುತ್ತವೆ. ಮೊಪೆಡ್ಡಿನಲ್ಲಿ ಪೆಟ್ರೋಲ್ ಉರಿಸುವ ಎಂಜಿನ್. ಹೊಸ ಸ್ಕೂಟರಿನಲ್ಲಿ ಎಂಜಿನ್ನೇ ಇಲ್ಲ, ಬ್ಯಾಟರಿ ಮತ್ತು ಮೋಟಾರು. ಒಬ್ಬ ಬೋಧಕರ ಸೇವಾವಧಿ ಮೂವತ್ತು ವರ್ಷಕ್ಕೂ ಮೀರಬಹುದು. ಅಂದರೆ ಕೆಲಸಕ್ಕೆ ಸೇರುವಾಗ ಕಲಿತಿದ್ದ ಯಂತ್ರ ಅವರು ನಿವೃತ್ತರಾಗುವ ಮೊದಲೇ ರಸ್ತೆಯಿಂದ ಮರೆಯಾಗಬಹುದು.

ನಡುವೆ ಇನ್ನೊಂದು ದೊಡ್ಡ ತಿರುವು ಬಂತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್ 6 ಎಂಬ ಹೊಗೆ ನಿಯಮ ಜಾರಿಯಾಯಿತು. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಪ್ರಮಾಣವನ್ನು ಕಾರ್ಬ್ಯುರೇಟರ್ ಅಂದಾಜಿಗೆ ಹೊಂದಿಸುತ್ತಿತ್ತು. ಹೊಸ ಗಾಡಿಯಲ್ಲಿ ಇಂಜೆಕ್ಟರ್ ಪೆಟ್ರೋಲನ್ನು ಅಳೆದು ಸಿಂಪಡಿಸುತ್ತದೆ. ಹೊಗೆಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಉಳಿದ ಆಮ್ಲಜನಕವನ್ನು ಗಮನಿಸಿ ಇಸಿಯು ಎಂಬ ಪುಟ್ಟ ಕಂಪ್ಯೂಟರಿಗೆ ಸುದ್ದಿ ಕಳಿಸುತ್ತದೆ. ಕಾರ್ಬ್ಯುರೇಟರ್ ಬಿಚ್ಚಿ ಊದುವ ಪಾಠ ಮಾತ್ರ ಕಲಿತು ಬಂದವರಿಗೆ ಇಲ್ಲಿ ಬಿಚ್ಚಲು ಕಾರ್ಬ್ಯುರೇಟರೇ ಸಿಗುವುದಿಲ್ಲ!

ಹಳೆ ರೂಢಿ, ಹೊಸ ಅಪಾಯ

ಕೆಲಸ ಸಿಗದೇ ಹೋಗುವುದು ಒಂದು ನಷ್ಟ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಹಳೆಯ ಗಾಡಿಯ 12 ವೋಲ್ಟ್ ಬ್ಯಾಟರಿಯ ವೈರುಗಳನ್ನು ಮೆಕ್ಯಾನಿಕ್‌ಗಳು ಬರಿಗೈಯಲ್ಲಿ ಹಿಡಿದು ಅಭ್ಯಾಸ. ಆದರೆ ಅನೇಕ ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿ 300ರಿಂದ 400 ವೋಲ್ಟ್.

ಹತ್ತನೇ ತರಗತಿಯ ಓಮ್ ನಿಯಮ ನೆನಪಿದೆಯಾ? ಲೆಕ್ಕಕ್ಕಾಗಿ, ಒದ್ದೆಯಾದ ದೇಹದ ರೋಧ 1000 ಓಮ್ ಎಂದಿಟ್ಟುಕೊಳ್ಳಿ. 12 ವೋಲ್ಟಿಗೆ ಹರಿಯುವ ಪ್ರವಾಹ 0.012 ಆಂಪಿಯರ್. ಒಣ ಚರ್ಮದ ರೋಧ ಇನ್ನೂ ಹೆಚ್ಚು, ಹಾಗಾಗಿ ಅಷ್ಟೂ ಹರಿಯದು. ಅದೇ 400 ವೋಲ್ಟಿಗೆ 0.4 ಆಂಪಿಯರ್. ಎದೆಯ ಮೂಲಕ 0.1 ಆಂಪಿಯರ್ ಹರಿದರೂ ಜೀವಕ್ಕೆ ಅಪಾಯ.

ಆದ್ದರಿಂದ ಇಲ್ಲಿ ಕ್ರಮವೇ ಬೇರೆ. ಉಂಗುರ, ವಾಚು ತೆಗೆದಿಡಬೇಕು. ವಿದ್ಯುತ್ ನಿರೋಧಕ ಕೈಗವಸು ಹಾಕಬೇಕು. ಗಾಡಿ ಆಫ್ ಮಾಡಿ ಸರ್ವಿಸ್ ಪ್ಲಗ್ ತೆಗೆಯಬೇಕು. ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ ಇಳಿಯುವವರೆಗೆ, ಕಂಪನಿ ಹೇಳಿದಷ್ಟು ನಿಮಿಷ ಕಾಯಬೇಕು. ಮೀಟರ್ ಸರಿಯಿದೆಯೇ ಎಂದು ಮೊದಲು ಬೇರೆ ಕಡೆ ಪರೀಕ್ಷಿಸಿ, ಆಮೇಲೆ ಗಾಡಿಯಲ್ಲಿ ಅಳೆದು, ಮತ್ತೊಮ್ಮೆ ಮೀಟರನ್ನೇ ಪರೀಕ್ಷಿಸಬೇಕು.

ಇದನ್ನೆಲ್ಲ ಬೋರ್ಡಿನ ಮೇಲೆ ಬರೆದುಬಿಡಬಹುದು. ಆದರೆ ವರ್ಕ್‌ಶಾಪಿನಲ್ಲಿ ಮಕ್ಕಳು ನೋಡುವುದು ಬೋರ್ಡನ್ನಲ್ಲ, ಮೇಷ್ಟ್ರ ಕೈಯನ್ನು. ಮೇಷ್ಟ್ರು ಒಂದು ದಿನ ಕೈಗವಸು ಹಾಕದೆ ಮುಟ್ಟಿದರೆ ಮರುದಿನ ಇಪ್ಪತ್ತು ಕೈಗಳು ಹಾಗೇ ಮುಟ್ಟುತ್ತವೆ. ಅದಕ್ಕೇ ಬೋಧಕರಿಗೆ ಬರೀ ಮಾಹಿತಿ ಸಾಲದು, ಕೈಯ ರೂಢಿಯೇ ಬದಲಾಗಬೇಕು.

ಮೇಷ್ಟ್ರಿಗೆ ಶಾಲೆ ಎಲ್ಲಿ?

ಐಟಿಐ ಬೋಧಕರಾಗಲು ಒಂದು ವರ್ಷದ ಬೋಧಕ ತರಬೇತಿ ಇದೆ. ಅದನ್ನು ನಡೆಸುವ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಗಳು ಚೆನ್ನೈ, ಬೆಂಗಳೂರು, ಕೋಯಿಕ್ಕೋಡ್, ಹೈದರಾಬಾದ್, ಮುಂಬೈಗಳಲ್ಲಿವೆ. ಈಗಾಗಲೇ ಕೆಲಸದಲ್ಲಿರುವ ಬೋಧಕರಿಗೆ ಇಲ್ಲಿ ಸಣ್ಣ ಅವಧಿಯ ಕೋರ್ಸುಗಳೂ ಇರುತ್ತವೆ. ಅಲ್ಲಿ ಮೇಷ್ಟ್ರು ಮತ್ತೆ ನಿಮ್ಮ ಹಾಗೆ ಬೆಂಚಿನಲ್ಲಿ ಕೂರುತ್ತಾರೆ!

ಎರಡನೆಯ ದಾರಿ ಕಾರ್ಖಾನೆ ಅಥವಾ ಸರ್ವಿಸ್ ಸೆಂಟರು. ಕೆಲವು ದಿನ ಅಲ್ಲಿನ ಕೆಲಸಗಾರರ ಪಕ್ಕದಲ್ಲೇ ನಿಂತು ಕೆಲಸ ಮಾಡುವುದು. ತನಗಿಂತ ಇಪ್ಪತ್ತು ವರ್ಷ ಚಿಕ್ಕವರ ಹತ್ತಿರ "ಇದು ಹೇಗಪ್ಪಾ, ಸ್ವಲ್ಪ ತೋರಿಸು" ಅಂತ ಕೇಳಬೇಕಾಗುತ್ತದೆ. ಅದು ಸುಲಭವಲ್ಲ. 2016ರಲ್ಲಿ ಶುರುವಾದ ಡ್ಯುಯಲ್ ತರಬೇತಿ ಪದ್ಧತಿಯಲ್ಲಿ ವಿದ್ಯಾರ್ಥಿಗಳು ಸ್ವಲ್ಪ ಕಾಲ ಐಟಿಐಯಲ್ಲೂ ಸ್ವಲ್ಪ ಕಾಲ ಕಾರ್ಖಾನೆಯಲ್ಲೂ ಕಲಿಯುತ್ತಾರೆ. ಅವರನ್ನು ನೋಡಲು ಹೋಗುವ ಬೋಧಕರಿಗೂ ಅಲ್ಲಿನ ಹೊಸ ಯಂತ್ರಗಳ ಪರಿಚಯವಾಗುತ್ತದೆ.

ಮೂರನೆಯ ದಾರಿ ಹಳೆಯ ವಿದ್ಯಾರ್ಥಿಗಳು. ಕಂಪನಿ ಸೇರಿದ ಹುಡುಗ ಹಬ್ಬಕ್ಕೆ ಊರಿಗೆ ಬಂದಾಗ "ಸಾರ್, ಈಗ ನಮ್ಮಲ್ಲಿ ಆ ಟೂಲ್ ಬಳಸಲ್ಲ, ಇದನ್ನ ಬಳಸ್ತೀವಿ" ಎಂದು ಹೇಳುವ ಒಂದು ಮಾತು, ಪಠ್ಯ ಬದಲಾಗುವ ಮೊದಲೇ ಪಾಠವನ್ನು ಬದಲಿಸಬಲ್ಲದು.

ಇಷ್ಟಾದರೂ ತೊಡಕುಗಳಿವೆ. ಬೋಧಕರು ತರಬೇತಿಗೆ ಹೋದರೆ ತರಗತಿ ನೋಡಿಕೊಳ್ಳುವವರು ಬೇಕು. ಕಲಿತು ಬಂದರೂ ವರ್ಕ್‌ಶಾಪಿನಲ್ಲಿ ಹೊಸ ಗಾಡಿ ಇಲ್ಲದಿದ್ದರೆ ಕಲಿತದ್ದು ಕೈಗೆ ಹತ್ತುವುದಿಲ್ಲ.

ಹಳೆಯದೆಲ್ಲ ಕಸವೇ?

ಅಲ್ಲ. ಈಗ ಸ್ಕ್ಯಾನರ್ ಜೋಡಿಸಿದರೆ ದೋಷದ ಸಂಕೇತ ಪರದೆಯ ಮೇಲೆ ಬರುತ್ತದೆ. ಪಿ0130 ಎಂದು ಬಂದರೆ ಆಕ್ಸಿಜನ್ ಸೆನ್ಸರಿನ ಸರ್ಕ್ಯೂಟಿನಲ್ಲಿ ತೊಂದರೆ ಎಂದರ್ಥ. ಅವಸರದವರು ಹೊಸ ಸೆನ್ಸರ್ ಹಾಕಿ ಬಿಲ್ ಮಾಡುತ್ತಾರೆ. ಅನುಭವಿಗಳು ಮೊದಲು ವೈರನ್ನು ನೋಡುತ್ತಾರೆ: ಇಲಿ ಕಡಿದಿದೆಯೇ? ಕನೆಕ್ಟರ್ ಸಡಿಲವಾಗಿದೆಯೇ? ತೊಂದರೆ ಯಾವ ಕಡೆ ಇದೆ ಎಂದು ಸ್ಕ್ಯಾನರ್ ತೋರಿಸುತ್ತದೆ, ಕಾರಣ ಹುಡುಕುವುದು ಮನುಷ್ಯನೇ. ಹಂತ ಹಂತವಾಗಿ ಯೋಚಿಸುವ ಆ ಹಳೆಯ ಗುಣವನ್ನು ಉಳಿಸಿಕೊಂಡು ಹೊಸ ಉಪಕರಣ ಕಲಿತವರೇ ಒಳ್ಳೆಯ ಬೋಧಕರು.

ನಮ್ಮಲ್ಲಿ ಹಲವರು ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಸೇರುತ್ತೀರಿ. ಅಲ್ಲಿ ಪಾಠ ತಮಿಳು, ಮಲಯಾಳಂ, ಮರಾಠಿ, ತೆಲುಗು ಅಥವಾ ಇಂಗ್ಲಿಷಿನಲ್ಲಿ ನಡೆಯಬಹುದು. ಹೆದರಬೇಡಿ. ಓಮ್ ನಿಯಮವನ್ನು ಕನ್ನಡದಲ್ಲಿ ಚೆನ್ನಾಗಿ ಅರ್ಥ ಮಾಡಿಕೊಂಡವರಿಗೆ ಅದು ಯಾವ ಭಾಷೆಯಲ್ಲೂ ಅದೇ ನಿಯಮ.

ಮಾಡಿ ನೋಡಿ

ಹತ್ತಿರದ ಗ್ಯಾರೇಜಿಗೆ ಇಬ್ಬರು ಮೂವರು ಸೇರಿ ಹೋಗಿ. ಬ್ಯಾಟರಿ, ವೈರುಗಳನ್ನು ಮುಟ್ಟದೆ ಈ ಮೂರು ಪ್ರಶ್ನೆ ಕೇಳಿ ಬರೆದುಕೊಳ್ಳಿ:

1. ಹತ್ತು ವರ್ಷದ ಹಿಂದೆ ಇಲ್ಲದ ಯಾವ ಉಪಕರಣ ಈಗ ನಿಮ್ಮಲ್ಲಿದೆ?
2. ಅದನ್ನು ಯಾರಿಂದ ಕಲಿತಿರಿ?
3. ಯಾವ ಹಳೆಯ ಅಭ್ಯಾಸವನ್ನು ಬಿಡಬೇಕಾಯಿತು?

ಮೂರನೆಯ ಪ್ರಶ್ನೆಗೆ ಬಂದ ಉತ್ತರವನ್ನು ತರಗತಿಯಲ್ಲಿ ಎಲ್ಲರಿಗೂ ಓದಿ ಹೇಳಿ. ಆಮೇಲೆ ಅದೇ ಪ್ರಶ್ನೆಯನ್ನು ನಿಮ್ಮ ಮೇಷ್ಟ್ರಿಗೂ ಕೇಳಿ. ಅವರು ಖಂಡಿತ ಬೇಜಾರು ಮಾಡಿಕೊಳ್ಳುವುದಿಲ್ಲ!