ಬಾಡಿಗೆ ಪೇಟದ ಬಸವಣ್ಣ

ಬೀದರ್‌ನ ಪ್ರಾಥಮಿಕ ಶಾಲೆಯ ಹುಡುಗನೊಬ್ಬ ಬಸವಣ್ಣನಾಗಬೇಕೆಂದರೆ ಬೇಕಾಗುವ ಸಾಮಾನು ಬಹಳವೇನಿಲ್ಲ. ಜರಿ ಅಂಚಿನ ಶಲ್ಯ, ಹಣೆಗೆ ವಿಭೂತಿ, ಕೊರಳಿಗೆ ರುದ್ರಾಕ್ಷಿ, ಅಂಟಿಸುವ ಮೀಸೆ, ಮೊದಲೇ ಸುತ್ತಿ ಹೊಲಿದಿಟ್ಟ ಪೇಟ. ಇವೆಲ್ಲ ಡ್ರೆಸ್ ಬಾಡಿಗೆ ಕೊಡುವ ಅಂಗಡಿಯಲ್ಲಿ ಒಂದೇ ಗಂಟಿನಲ್ಲಿ ಸಿಗುತ್ತವೆ. ಇಷ್ಟಲಿಂಗ ಮಾತ್ರ ಗಂಟಿನಲ್ಲಿರುವುದಿಲ್ಲ. ಮನೆಯಲ್ಲಿದ್ದರೆ ಸರಿ, ಇಲ್ಲದಿದ್ದರೆ ಯಾವುದಾದರೂ ಕರಿ ಗುಂಡು ಅಂಗೈಯೇರುತ್ತದೆ. ಪೇಟ ದೊಡ್ಡವರ ಅಳತೆಯದು, ಹಿಂದೆ ಪಿನ್ನು ಹಾಕಿ ಬಿಗಿಯಬೇಕು. ವೇದಿಕೆಗೆ ಹೋಗುವ ಹೊತ್ತಿಗೆ ಸರಿಯಾಗಿ ಬೆವರು ಬಂದು ಮೀಸೆಯ ಒಂದು ತುದಿ ಏಳುತ್ತದೆ. "ಮೀಸಿ ಬಿಚ್ಚಲತ್ತದ್ರೀ ಮೇಡಂ" ಎಂದು ಹುಡುಗ ಕಣ್ಣಲ್ಲಿ ನೀರು ತರುತ್ತಾನೆ. "ಕೈ ಹಚ್ಚಬ್ಯಾಡ, ವಚನ ಹೇಳಿ ಇಳದ್ ಬಾ" ಎಂದು ಮೇಡಂ ಬೆನ್ನು ತಟ್ಟಿ ಕಳಿಸುತ್ತಾರೆ. ಒಂದು ಕೈಯಲ್ಲಿ ಲಿಂಗ, ಇನ್ನೊಂದು ಕೈ ಮೀಸೆಯ ಮೇಲೆ. ವಚನವಂತೂ ತಪ್ಪುವುದಿಲ್ಲ.

ಇದು ಛದ್ಮವೇಷ. ಪ್ರತಿಭಾ ಕಾರಂಜಿಯ ಸ್ಪರ್ಧೆಗಳಲ್ಲಿ ಒಂದಾಗಿ ರಾಜ್ಯದ ಎಲ್ಲ ಶಾಲೆಗಳಲ್ಲೂ ನಡೆಯುತ್ತದೆ. ಬೇರೆ ಊರುಗಳಲ್ಲಿ ತರಕಾರಿ, ಮರ, ಮೊಬೈಲ್ ಫೋನು ಆಗಿ ಬರುವ ಮಕ್ಕಳೂ ಉಂಟು. ಬೀದರ್, ಭಾಲ್ಕಿ, ಔರಾದ್ ಕಡೆ ಹಿಂದಿನವರ ವೇಷಕ್ಕೇ ಹೆಚ್ಚು ಮಾನ. ಅದಕ್ಕೆ ಕಾರಣ ಇಲ್ಲಿಯ ಕ್ಯಾಲೆಂಡರ್. ಜನವರಿ 3ಕ್ಕೆ ಸಾವಿತ್ರಿಬಾಯಿ ಫುಲೆ, ಫೆಬ್ರುವರಿ 15ಕ್ಕೆ ಸಂತ ಸೇವಾಲಾಲ್, 19ಕ್ಕೆ ಶಿವಾಜಿ, ಏಪ್ರಿಲ್ 14ಕ್ಕೆ ಅಂಬೇಡ್ಕರ್, ಬೆನ್ನಿಗೇ ಬಸವ ಜಯಂತಿ. ಸೆಪ್ಟೆಂಬರ್ 17 ಬಂತೆಂದರೆ ಸರ್ದಾರ್ ಪಟೇಲರು. 1948ರಲ್ಲಿ ಅದೇ ದಿನ ನಿಜಾಮನ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಶರಣಾದದ್ದು. ಬೀದರ್ ಆಗ ಆ ಸಂಸ್ಥಾನದ ಜಿಲ್ಲೆ. 1956ರಲ್ಲಿ ಭಾಷಾವಾರು ವಿಂಗಡಣೆಯಾಗಿ ಉದಗೀರ, ನಿಲಂಗಾ ಮರಾಠಿ ಸೀಮೆಗೆ ಹೋದವು, ಝಹೀರಾಬಾದ್ ತೆಲುಗು ಸೀಮೆಗೆ ಹೋಯಿತು. ಉಳಿದ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಎಲ್ಲ ಉಳಿದವು. ಒಬ್ಬೊಬ್ಬರಿಗೂ ಒಬ್ಬೊಬ್ಬ ಹಿರಿಯ, ಹಿರಿಯನಿಗೊಂದು ಉಡುಪು.

ಔರಾದ್, ಭಾಲ್ಕಿ ಕಡೆಯ ಮರಾಠಿ ಮನೆಗಳ ಹುಡುಗರಿಗೆ ಶಿವಾಜಿಯಾಗಲು ಯಾರೂ ಹೇಳಿಕೊಡಬೇಕಾಗಿಲ್ಲ. ಜಿರೇಟೋಪು, ಹಣೆಗೆ ಅರ್ಧಚಂದ್ರ, ಕವಡೆ ಮಾಲೆ, ಕಾಡಿಗೆಯಲ್ಲಿ ಬರೆದ ಗಡ್ಡ. ಅಂಬೇಡ್ಕರ್ ವೇಷ ಇನ್ನೂ ಸಲೀಸು, ಆದರೆ ಅದರಲ್ಲಿ ಒಂದು ಶಿಸ್ತಿದೆ: ನೀಲಿ ಕೋಟು, ಗಾಜಿಲ್ಲದ ಕನ್ನಡಕ, ಎದೆಗೊತ್ತಿ ಹಿಡಿದ ಪುಸ್ತಕ. ಪುಸ್ತಕದ ಮೇಲೆ 'ಭಾರತ ಸಂವಿಧಾನ' ಎಂದು ಬರೆದಿರಲೇಬೇಕು, ಒಳಗೆ ಗಣಿತದ ನೋಟ್‌ಬುಕ್ ಇದ್ದರೂ ಚಿಂತೆಯಿಲ್ಲ. ಅಕ್ಕಮಹಾದೇವಿಯಾಗುವ ಹುಡುಗಿಯ ಕಷ್ಟವೆಲ್ಲ ಕೂದಲಿನದು. ಮೊಣಕಾಲಿನವರೆಗೆ ಇಳಿಯುವ ವಿಗ್ಗು ತೊಟ್ಟು ಹತ್ತು ನಿಮಿಷ ನಿಂತರೆ ಕುತ್ತಿಗೆ ಸೋಲುತ್ತದೆ.

ಭಾಲ್ಕಿಯಲ್ಲಿ ನನಗೆ ಹೆಚ್ಚು ಇಷ್ಟವಾಗುವ ಪಾತ್ರ ಬೇರೆ. ಅಲ್ಲಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890–1999). ನಿಜಾಮನ ಕಾಲದಲ್ಲಿ ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು. ಇವರ ಕಥೆ ಹೇಳಲು ಉಡುಪಿಗಿಂತ ಒಂದು ರಟ್ಟಿನ ಹಲಗೆ ಮುಖ್ಯ. ಒಂದು ಬದಿಗೆ ಉರ್ದು, ತಿರುಗಿಸಿದರೆ ಅ, ಆ, ಇ, ಈ. ಇದನ್ನು ಕೈಯಲ್ಲಿ ಹಿಡಿಸಿದರೆ ಸಾಕು, ಭಾಷಣ ಬೇಕಾಗದು. ಜಯಂತಿ ಭಾಷಣಗಳಲ್ಲಿ ಆಗದ ಕೆಲಸ ರಟ್ಟಿನಿಂದ ಆಗುತ್ತದೆ.

ಶಾಲೆಗಳಿಗೆ ವೇಷ ಹಾಕಿಸುವ ಈ ಹವ್ಯಾಸ ಇಂಗ್ಲಿಷರಿಂದ ಬಂದದ್ದು ನಿಜವಿರಬಹುದು. 1897ರ ಜುಲೈ 2ರಂದು ಲಂಡನ್ನಿನ ಡೆವನ್‌ಶೈರ್ ಹೌಸ್‌ನಲ್ಲಿ ವಿಕ್ಟೋರಿಯಾ ರಾಣಿಯ ಅರವತ್ತನೇ ವರ್ಷದ ಸಡಗರಕ್ಕೆ ನಡೆದ ಕೂಟದಲ್ಲಿ, 1815ಕ್ಕಿಂತ ಹಿಂದಿನ ಉಡುಪು ತೊಟ್ಟೇ ಬರಬೇಕೆಂಬ ಕಟ್ಟಳೆಯಿತ್ತು. ದೊರೆಸಾನಿಯರು ರಾಣಿಯರಾಗಿ ಬಂದರು, ಫೋಟೋ ತೆಗೆಸಿಕೊಂಡರು. ಆದರೆ ಸೋಗು ಹಾಕುವುದನ್ನು ಈ ನೆಲಕ್ಕೆ ಯಾರೂ ಹೊರಗಿನಿಂದ ತಂದುಕೊಡಬೇಕಾಗಿರಲಿಲ್ಲ. ಕಲ್ಯಾಣ ಕರ್ನಾಟಕದ ಬುಡ್ಗ ಜಂಗಮರು ತಲೆಮಾರುಗಳಿಂದ ಹಗಲುವೇಷ ಕಟ್ಟುತ್ತ ಬಂದವರು. ಮುಖಕ್ಕೆ ಅರದಾಳ, ಇಂಗಳೀಕ, ಜೊತೆಗೆ ಹಾರ್ಮೋನಿಯಂ, ತಬಲಾ. ದಿನಕ್ಕೊಂದು ವೇಷದಂತೆ ಓಣಿ ಓಣಿ ಸುತ್ತಿ, ಕೊನೆಯ ದಿನ ಮನೆಮನೆಗೆ ಬಂದು ಕಾಳುಕಡಿ, ಕಾಸು ಕೇಳುತ್ತಿದ್ದರು. ರಾಮ, ರಾವಣ, ಭೀಮ ಅವರ ಪಾತ್ರಗಳು. ರಂಗದ ಮೇಲಲ್ಲ, ನಡುಹಗಲಲ್ಲಿ, ಮನೆಯ ಬಾಗಿಲಲ್ಲಿ ರಾವಣನನ್ನು ನಿಲ್ಲಿಸುವುದು ಸಣ್ಣ ಕಸುಬಲ್ಲ. ಆ ಮನೆತನಗಳ ಹುಡುಗರು ಈಗ ಬೇರೆ ಕೆಲಸಗಳಿಗೆ ಹೋಗಿದ್ದಾರೆ. ಛದ್ಮವೇಷದ ತೀರ್ಪುಗಾರರ ಕುರ್ಚಿಯಲ್ಲಿ ಅಂಥ ಹಿರಿಯ ವೇಷಗಾರನೊಬ್ಬನನ್ನು ಕೂರಿಸಿದರೆ ಅಂಕಪಟ್ಟಿ ಬೇರೆಯೇ ಆದೀತು.

ಬೀದರ್ ನಗರದಲ್ಲಿ ದೊಡ್ಡವರೂ ವೇಷ ತೊಡುತ್ತಾರೆ, ಆದರೆ ಅದನ್ನು ವೇಷ ಎನ್ನುವುದು ತಪ್ಪಾದೀತು. ಗುರುನಾನಕ್ ಝೀರಾದ ಗುರುದ್ವಾರದಿಂದ ಗುರುನಾನಕ್ ಜಯಂತಿಗೆ ಮೆರವಣಿಗೆ ಹೊರಡುವಾಗ ಮುಂದೆ ನಡೆಯುವವರು ಪಂಜ್ ಪ್ಯಾರೇ, ಬಿಚ್ಚುಗತ್ತಿ ಹಿಡಿದ ಐವರು. 1699ರಲ್ಲಿ ಗುರು ಗೋವಿಂದ ಸಿಂಗರು ತಲೆ ಕೇಳಿದಾಗ ಎದ್ದು ಬಂದ ಐವರ ಸ್ಥಾನದಲ್ಲಿ ಇವರು. ಆ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರ್‌ನವರು, ಕ್ಷೌರಿಕ ಮನೆತನದವರು. ಪಂಜಾಬಿನಿಂದ ಬಂದ ಯಾತ್ರಿಕರಿಗೆ ಇದು ಬಾಯಿಪಾಠ. ಪಕ್ಕದ ಓಣಿಯವರಲ್ಲಿ ಎಷ್ಟು ಜನಕ್ಕೆ ಗೊತ್ತೋ.

ಊರಿನಿಂದ ಮೂರು ಕಿಲೋಮೀಟರ್ ಆಚೆಯ ಅಷ್ಟೂರಿನದು ಇನ್ನೂ ವಿಚಿತ್ರ. ಅಲ್ಲಿ ಗೋರಿಯಲ್ಲಿ ಮಲಗಿರುವವನು 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ. ಮುಸ್ಲಿಮರಿಗೆ ಆತ ವಲಿ, ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭು. ಹೋಳಿ ಮುಗಿದ ಮೇಲೆ ಬರುವ ಜಾತ್ರೆಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು ಪರಿವಾರದೊಂದಿಗೆ ನಡೆದು ಬರುತ್ತಾರೆ. ಆ ಜಂಗಮರ ಉಡುಪು ಮುಸ್ಲಿಂ ದರವೇಶಿಯದು ಎಂದು ಪುರಾತತ್ತ್ವಜ್ಞ ಗುಲಾಮ್ ಯಜ್ದಾನಿ 1947ರ ತಮ್ಮ ಬೀದರ್ ಗ್ರಂಥದಲ್ಲಿ ಬರೆದಿದ್ದಾರೆ. ಶಂಖ ಮೊಳಗುತ್ತದೆ, ತೆಂಗಿನಕಾಯಿ ಒಡೆಯುತ್ತದೆ. ಅಲ್ಲಿ ಯಾರು ಯಾರ ವೇಷದಲ್ಲಿದ್ದಾರೆ ಎಂದು ಕೇಳುವ ಗೋಜಿಗೆ ಭಕ್ತರು ಹೋಗುವುದಿಲ್ಲ.

ಹೀಗಿದ್ದೂ ಬಾಡಿಗೆ ಅಂಗಡಿಯ ಟ್ರಂಕಿನಲ್ಲಿ ಒಬ್ಬನಿಗೆ ಜಾಗವಿಲ್ಲ. ಮಹಮೂದ್ ಗವಾನ್. ಇರಾನಿನ ಗೀಲಾನದಿಂದ ವ್ಯಾಪಾರಿಯಾಗಿ ಬಂದು ವಜೀರನಾದವನು, 1472ರ ಹೊತ್ತಿಗೆ ಮದರಸಾ ಕಟ್ಟಿಸಿದವನು, ಸುಳ್ಳು ಪತ್ರವೊಂದರಿಂದಾಗಿ 1481ರಲ್ಲಿ ತಲೆ ಕೊಟ್ಟವನು. ಮಕ್ಕಳು ದಿನವೂ ಅವನ ಮಿನಾರಿನ ಕೆಳಗೇ ಶಾಲೆಗೆ ಹೋಗುತ್ತಾರೆ. ಅವನ ಹೆಸರಿನ ಜಯಂತಿಯಿಲ್ಲ, ಅವನನ್ನು ನಮ್ಮವನೆಂದು ಮೆರವಣಿಗೆ ತೆಗೆಯುವ ಓಣಿಯಿಲ್ಲ, ಆದ್ದರಿಂದ ಉಡುಪೂ ಇಲ್ಲ. ಛದ್ಮವೇಷದ ಮೂಲ ಕಟ್ಟಳೆ ಇದೇ ಎಂದು ನನಗನ್ನಿಸುತ್ತದೆ: ದೊಡ್ಡವನಾಗಿದ್ದರೆ ಸಾಲದು, ಹಿಂದೆ ಜನ ಬೇಕು.

ಅಷ್ಟಕ್ಕೂ ಗವಾನನ ವೇಷಕ್ಕೆ ಖರ್ಚು ಕಡಿಮೆ. ಅಷ್ಟು ದೊಡ್ಡ ವಜೀರ ಚಾಪೆಯ ಮೇಲೆ ಮಲಗುತ್ತಿದ್ದ, ಮಣ್ಣಿನ ಪಾತ್ರೆಯಲ್ಲಿ ಉಣ್ಣುತ್ತಿದ್ದ ಎಂದು ಇತಿಹಾಸಕಾರ ಫರಿಶ್ತಾ ಬರೆದಿಟ್ಟಿದ್ದಾನೆ. ಉದ್ದನೆಯ ನಿಲುವಂಗಿ, ಬಿಳಿ ಪೇಟ, ಕಂಕುಳಲ್ಲಿ ಸುತ್ತಿದ ಚಾಪೆ, ಕೈಯಲ್ಲೊಂದು ಪುಸ್ತಕ. ಮುಂದಿನ ಪ್ರತಿಭಾ ಕಾರಂಜಿಗೆ ಯಾವ ಮೇಡಂ ಆದರೂ ಮನಸ್ಸು ಮಾಡಿದರೆ ಒಂದೇ ಸಂಜೆಯಲ್ಲಿ ಹೊಂದಿಸಬಹುದು. ಮೀಸೆ ಮಾತ್ರ ಗಟ್ಟಿಯಾಗಿ ಅಂಟಿಸಲಿ.